ಮೆಣಸಿನಕಾಯಿ ಕಟ್ಟಿದ ಪುಸ್ತಕ

ಮೊನ್ನೆ ಬ್ಯಾಡಗಿಯಿಂದ ಅಕ್ಕ ಕಳಿಸಿದ ಒಣಮೆಣಸಿನಕಾಯಿ ಚೀಲ ಬಿಚ್ಚಿದೆ. ಘಾಟಿಗೆ ಸೀನು ಬಂತು, ಹಿಂದೆಯೇ ನಗು. ಆಮೇಲೆ ಹಳೆಯದೊಂದು ಮಧ್ಯಾಹ್ನ ನೆನಪಾಯಿತು...

ಆಗ ನಾನು ರಾಣೇಬೆನ್ನೂರಿನ ಒಂದು ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುತ್ತಿದ್ದೆ. ಅಲ್ಲಿನ ಲೈಬ್ರರಿ ನೋಡಿಕೊಳ್ಳುವವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದೆವು. ಔಷಧದ ಪುಸ್ತಕದ ಹೊಸ ಆವೃತ್ತಿ ಬಂದ ದಿನ ಅವರು ವಾರ್ಡಿಗೆಲ್ಲ ಪೇಡೆ ಹಂಚುವರು. ಹಳೆಯದಕ್ಕೆ ಗೋಣಿದಾರ ಸುತ್ತಿ ಒಂದು ಮೆಣಸಿನಕಾಯಿ ಸಿಕ್ಕಿಸುವರು. ಮುಟ್ಟಿದರೆ ಉರಿಯುತ್ತದೆ ಎಂದು ಅದರ ಅರ್ಥ. ಹೊಸಬಳಾದ ನನಗೆ ಅದು ತಿಳಿದಿರಲಿಲ್ಲ. ನಮ್ಮ ಮನೆಯಲ್ಲಿ ಹುಳ ಬೀಳದಿರಲೆಂದು ಅಕ್ಕಿಯಲ್ಲಿ ಮೆಣಸಿನಕಾಯಿ ಇಡುತ್ತಿದ್ದರು. ಇಷ್ಟು ಜೋಪಾನ ಮಾಡಿದ್ದಾರೆಂದರೆ ಇದೇ ಮುಖ್ಯ ಪುಸ್ತಕ ಎಂದುಕೊಂಡೆ.

ಅವತ್ತು ಮಧ್ಯಾಹ್ನ ಕುಪ್ಪೇಲೂರಿನ ಎರಡು ವರ್ಷದ ಮಗುವಿಗೆ ಜ್ವರ ಏರಿತ್ತು. ಚಿಕ್ಕ ಡಾಕ್ಟರು ಒಂದು ಔಷಧದ ಪ್ರಮಾಣ ಬರೆದುಕೊಂಡು ಬಾ ಎಂದು ನನ್ನನ್ನು ಓಡಿಸಿದರು. ಕಾಕಾ ಹಿಂದಿನ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದರು. ಅವರನ್ನು ಎಬ್ಬಿಸುವುದೇಕೆಂದು ನಾನೇ ದಾರ ಬಿಚ್ಚಿ, ಬರೆದುಕೊಂಡು ಬಂದೆ.

ಸಿಸ್ಟರ್ ಸಿರಿಂಜಿಗೆ ಔಷಧ ಎಳೆದು ಮಗುವಿನ ತೋಳು ಹಿಡಿದಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಕಾಕಾ. ಒಂದೇ ಕಾಲಿಗೆ ಚಪ್ಪಲಿ, ಬೆರಳಲ್ಲಿ ಇನ್ನೂ ಪಲ್ಯ. ಎಂದಿನಂತೆ ಊಟದ ನಡುವೆ ಎದ್ದು ಬಂದಾಗ, ನಾನು ಓಡುವುದೂ ಬಿಚ್ಚಿದ ದಾರವೂ ಅವರ ಕಣ್ಣಿಗೆ ಬಿದ್ದಿದ್ದವು.

"ಸೂಜಿ ತಡೀರಿ ಸಿಸ್ಟರ್. ಈ ಹುಡುಗಿ ಹಳೇ ಪುಸ್ತಕ ನೋಡ್ಯಾಳ."

ಹೊಸದರಲ್ಲಿ ಪ್ರಮಾಣ ಅರ್ಧಕ್ಕಿಂತ ಕಡಿಮೆಯಿತ್ತು. ಡಾಕ್ಟರು ಓದಿ ನೋಡಿ ಸಿರಿಂಜು ಖಾಲಿ ಮಾಡಿಸಿದರು. ಆ ಸೂಜಿ ನನ್ನ ಕಣ್ಣಲ್ಲಿ ಇವತ್ತಿಗೂ ತೋಳಿನ ಹತ್ತಿರವೇ ನಿಂತಿದೆ...

ಮಗುವಿನ ಅಜ್ಜಿ ಮಾತ್ರ ಕಾಕಾ ಅವರೇ ದೊಡ್ಡ ಡಾಕ್ಟರೆಂದು ತಿಳಿದಳು. "ನನ್ನ ಮೊಣಕಾಲೂ ಒಂಚೂರು ನೋಡ್ರಿ ಸಾಹೇಬ್ರ."

ಕಾಕಾ ಏದುಸಿರು ಬಿಡುತ್ತ ಹೇಳಿದರು: "ಓಡಿ ಬಂದು ನಂದ ಹೋಗೇತಿ ಯವ್ವಾ. ಇಬ್ರೂ ಕೂಡೇ ತೋರಸೂಣು ನಡಿ."

ವಾರ್ಡೆಲ್ಲ ನಕ್ಕಿತು. ಸಂಜೆ ಮಗು ಬಿಸ್ಕತ್ತು ಕೇಳಿತು. ಅಳುತ್ತ ಲೈಬ್ರರಿಗೆ ಹೋದ ನನಗೆ ಕಾಕಾ ಗೋಂದಿನ ಬಾಟಲಿ ಕೊಟ್ಟರು. "ತಪ್ಪು ನಂದೂ ಐತಿ. ಹಳೇದು ಅಂತ ಬರದು ಅಂಟಸೋದು ಬಿಟ್ಟು ಮೆಣಸಿನಕಾಯಿ ಕಟ್ಟೇನಿ." ಕತ್ತಲಾಗುವವರೆಗೆ ಇಬ್ಬರೂ ಕೂತು ಹಳೆಯ ಪುಸ್ತಕಗಳಿಗೆಲ್ಲ ಚೀಟಿ ಅಂಟಿಸಿದೆವು.

ಈಗ ನಾನು ಹಾವೇರಿಯಲ್ಲಿ ಹೊಸ ನರ್ಸುಗಳಿಗೆ ಕಲಿಸುತ್ತೇನೆ. ಔಷಧದ ಪ್ರಮಾಣ ಬದಲಾದರೆ ಹೊಸದು ಅವರ ಫೋನಿಗೇ ಬರುತ್ತದೆ, ಯಾವತ್ತು ಬದಲಾಯಿತು ಎಂಬುದೂ. ಕಾಕಾಗೆ ಅದನ್ನು ತೋರಿಸಬೇಕೆಂದು ಕಳೆದ ತಿಂಗಳು ಅವರ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಕೊಂಡು ವರ್ಷವಾಗಿತ್ತು. ಮಗಳಿಗೇ ತೋರಿಸಿದೆ. ಆಕೆ ಫೋನು ಕೈಗೆ ತೆಗೆದುಕೊಂಡು ನೋಡಿದರು.

"ಇದು ಆವಾಗ ಇದ್ದಿದ್ರ, ಅಪ್ಪಾ ಒಂದ್ ದಿನಾನರ ಪೂರಾ ಊಟಾ ಮಾಡ್ತಿದ್ರು."

ಇಬ್ಬರೂ ನಕ್ಕೆವು. ಆಮೇಲೆ ಆಕೆ ನನಗೂ ಊಟಕ್ಕೆ ತಟ್ಟೆ ಇಟ್ಟರು...