ಎಡಗಡೆ ನಿಂತಿದ್ದ ಕಾಟಿ

ಲಿಂಗದಹಳ್ಳಿ ದಾಟಿ ಸಂತವೇರಿಯ ಕಡೆಗೆ ಏರುವ ಘಟ್ಟದ ರಸ್ತೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ, ನನ್ನ ಗೆಳೆಯರೊಬ್ಬರು ಒಂದು ಕಾಟಿಯ ಮೂತಿಯ ಪಕ್ಕದಲ್ಲೇ ಸೈಕಲ್ ತುಳಿದುಕೊಂಡು ಹೋದರು. ಕಾಡುಕೋಣಕ್ಕೆ ನಮ್ಮ ಕಡೆ ಕಾಟಿ ಎನ್ನುತ್ತಾರೆ. ಅದು ರಸ್ತೆಯ ಎಡ ಅಂಚಿನಲ್ಲಿ, ಬಿದಿರು ಮೆಳೆಗೆ ಬೆನ್ನು ಮಾಡಿ ನಿಂತಿತ್ತು. ಆಳೆತ್ತರದ ಭುಜ, ಎಣ್ಣೆ ಹಚ್ಚಿದಂಥ ಕಪ್ಪು ಮೈ. ಇವರು ಕೈ ಚಾಚಿದ್ದರೆ ಕೊಂಬು ಸಿಗುತ್ತಿತ್ತು. ಚಾಚಲಿಲ್ಲ. ತಿರುಗಿಯೂ ನೋಡಲಿಲ್ಲ. ಸೊಂಟ ಎತ್ತಿ ತುಳಿಯುತ್ತಾ, ಯಾವುದೋ ಹಳೇ ಹಾಡನ್ನು ಗುನುಗುತ್ತಾ ಮೇಲಕ್ಕೆ ಹೋದರು.

ನಾನು ಐವತ್ತು ಮಾರು ಹಿಂದೆ ಇದ್ದೆ. ಕೂಗಬೇಕು ಅನ್ನಿಸಿತು, ಕೂಗಿದರೆ ಕಾಟಿ ಬೆದರೀತು. ಎರಡೂ ಬ್ರೇಕ್ ಹಿಡಿದು, ಒಂದು ಕಾಲು ನೆಲಕ್ಕೆ ಊರಿ ನಿಂತೆ. ಕಾಟಿ ಒಮ್ಮೆ ಬುಸ್ ಎಂದಿತು. ಇವರ ಬೆನ್ನನ್ನೇ ಸ್ವಲ್ಪ ಹೊತ್ತು ನೋಡಿತು. ಆಮೇಲೆ ಅವಸರವೇ ಇಲ್ಲದೆ ರಸ್ತೆ ದಾಟಿ ಇಳಿಜಾರಿಗೆ ಇಳಿಯಿತು. ಅದು ಇಳಿದ ಮೇಲೂ ಕೆಳಗೆ ಲಂಟಾನ ಪೊದೆ ಮುರಿಯುವ ಸದ್ದು ಎಷ್ಟೋ ಹೊತ್ತು ಕೇಳುತ್ತಿತ್ತು.

ಗೆಳೆಯರು ಮೇಲೆ ಮೋರಿಯ ಕಟ್ಟೆಯ ಮೇಲೆ ಕೂತು ನನಗಾಗಿ ಕಾಯುತ್ತಿದ್ದರು.

"ಯಾಕೆ ಮೇಷ್ಟ್ರೇ, ಪಂಚರ್ ಆಯ್ತಾ?"

"ಕಾಟಿ," ಅಂದೆ.

"ಎಲ್ಲಿ? ಎಲ್ಲಿ?" ಎಂದು ಹುರುಪಿನಿಂದ ಎದ್ದು ನಿಂತು ಅತ್ತಿತ್ತ ನೋಡಿದರು.

"ನಿಮ್ಮ ಪಕ್ಕದಲ್ಲೇ ನಿಂತಿತ್ತಲ್ರೀ ಸಾಬ್ರೇ! ಮುಟ್ಟೋ ಹಂಗೆ ಹೋದ್ರಲ್ಲ!"

"ಹೋಗ್ರೀ, ಸುಮ್ನೆ ಹೆದರಿಸ್ಬೇಡಿ."

ಕೈ ಹಿಡಿದು ಕೆಳಗೆ ಕರೆದುಕೊಂಡು ಬಂದು ತೋರಿಸಿದೆ. ರಸ್ತೆ ಅಂಚಿನ ಹಸಿ ಮಣ್ಣಿನಲ್ಲಿ ಗೊರಸಿನ ಗುರುತು, ಇನ್ನೂ ಹಬೆಯಾಡುತ್ತಿದ್ದ ಸಗಣಿ. ಅವರ ಸೈಕಲ್ ಚಕ್ರದ ಗೆರೆ ಅದಕ್ಕೆ ಒಂದು ಗೇಣು ದೂರದಲ್ಲಿ ಹಾದುಹೋಗಿತ್ತು. ಅವರು ಅದನ್ನೇ ನೋಡುತ್ತಾ ನಿಂತರು. ಮುಖದಲ್ಲಿದ್ದ ನಗು ನಿಧಾನವಾಗಿ ಇಳಿಯಿತು.

"ಏನೋ ಬುಸ್ ಅಂದಂಗಾಯ್ತು," ಅಂದರು. "ನಿಮ್ಮ ಟೈರು ಪಂಚರ್ ಆಯ್ತೇನೋ ಅಂದ್ಕೊಂಡೆ."

ಅವರ ಎಡಕ್ಕೆ ನಿಂತು ನೀರಿನ ಬಾಟಲಿ ಚಾಚಿದೆ. ತೆಗೆದುಕೊಳ್ಳಲಿಲ್ಲ. ಬಾಟಲಿಯನ್ನು ಇನ್ನೂ ಮುಂದಕ್ಕೆ, ಅವರ ಗದ್ದದ ಹತ್ತಿರ ತಂದೆ. ಆಗ ಬೆಚ್ಚಿಬಿದ್ದು, "ಓ, ಕೊಡಿ" ಅಂದರು.

ನಾವು ಒಟ್ಟಿಗೆ ಸೈಕಲ್ ತುಳಿಯಲು ಶುರು ಮಾಡಿ ಒಂಬತ್ತು ವರ್ಷವಾಗಿತ್ತು. ನಾನು ಕಡೂರಿನಲ್ಲಿ ಹೈಸ್ಕೂಲಿಗೆ ವಿಜ್ಞಾನ ಹೇಳುವವನು. ಅವರದು ತರೀಕೆರೆಯಲ್ಲಿ ವಾಚ್ ರಿಪೇರಿ ಅಂಗಡಿ. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂ ಎತ್ತಿ ಕೂರಿಸುವ ಕೈ ಅವರದು. ಕೆಟ್ಟ ವಾಚು ಕೊಡಲು ಹೋದ ನನಗೆ ಸೈಕಲ್ ಹುಚ್ಚು ಹತ್ತಿಸಿದವರೂ ಅವರೇ. ಮೊದಲು ಯಗಟಿಯ ಬಯಲಿನಲ್ಲಿ ಕಾಲು ಪಳಗಿಸಿದೆ. ಆಮೇಲೆ ಲಕ್ಕವಳ್ಳಿ, ಕಲ್ಲತ್ತಿ, ಕೆಮ್ಮಣ್ಣುಗುಂಡಿ. ಭಾನುವಾರ ನಾನು ಬೀರೂರು ಮೇಲೆ ಬರುವುದು, ಅವರು ತರೀಕೆರೆಯಿಂದ ಬರುವುದು, ಲಿಂಗದಹಳ್ಳಿಯ ಹೋಟೆಲಿನಲ್ಲಿ ಇಡ್ಲಿ ತಿಂದು ಯಾವುದಾದರೊಂದು ಗುಡ್ಡ ಹತ್ತುವುದು. ಮುಂದೆ ಯಾವಾಗಲೂ ಅವರೇ. ಲಾರಿ ಬರುವ ತಿರುವಿನಲ್ಲೂ ಅವರೇ ಮುಂದೆ. ನಾನು ಅವರ ಚಕ್ರ ನೋಡಿಕೊಂಡು ನಿಶ್ಚಿಂತೆಯಿಂದ ತುಳಿಯುತ್ತಿದ್ದೆ. ಅದನ್ನು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ.

ಆ ದಿನ ಘಟ್ಟವನ್ನು ಸೈಕಲ್ ತಳ್ಳಿಕೊಂಡೇ ಇಳಿದೆವು. "ಎಷ್ಟು ವರ್ಷದಿಂದ ಇಳೀತಿದೀನಿ ಮೇಷ್ಟ್ರೇ ಈ ರೋಡು, ಕಣ್ಮುಚ್ಕೊಂಡು ಇಳೀತೀನಿ" ಎಂದು ಅವರು ಎರಡು ಸಲ ಹೇಳಿದರು. ಮೂರನೇ ಸಲ ಹೇಳಲು ಹೋಗಿ, ಆ ಮಾತು ತಮಗೇ ಕೇಳಿಸಿದಂತೆ, ಅರ್ಧಕ್ಕೆ ನಿಲ್ಲಿಸಿದರು.

ಮರುವಾರ ಶಿವಮೊಗ್ಗದ ಒಂದು ಕಣ್ಣಾಸ್ಪತ್ರೆಗೆ ಹೋದೆವು. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಪಟಪಟನೆ ಓದಿದರು. ನನಗೇ ಆ ಸಾಲು ಕಾಣುತ್ತಿರಲಿಲ್ಲ. 'ನೋಡಿದ್ರಾ?' ಎನ್ನುವಂತೆ ನನ್ನ ಕಡೆ ತಿರುಗಿ ನಕ್ಕರು. ನನಗೂ ಧೈರ್ಯ ಬಂತು. ಆಮೇಲೆ ಅವರನ್ನು ಒಂದು ಕತ್ತಲೆ ಕೋಣೆಯಲ್ಲಿ ದೊಡ್ಡ ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿದರು. ಬೋಗುಣಿಯ ಒಳಗೆ ಅಲ್ಲಲ್ಲಿ ಬೆಳಕಿನ ಚುಕ್ಕಿ ಮಿನುಗುತ್ತದೆ. ದಿಟ್ಟಿ ನಡುವೆಯೇ ಇರಬೇಕು, ಚುಕ್ಕಿ ಕಂಡಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಆ ಗುಂಡಿಯ ಟಿಕ್ ಸದ್ದಿಗೆ ಕಿವಿಗೊಟ್ಟಿದ್ದೆ. ಎರಡು ಟಿಕ್ ಕೇಳಿತು. ಆಮೇಲೆ ಒಂದು. ಆಮೇಲೆ ಏನೂ ಇಲ್ಲ. ಯಂತ್ರ ಮಾತ್ರ ಗುಯ್ ಎನ್ನುತ್ತಿತ್ತು.

"ತಂಗೀ," ಎಂದು ಗೆಳೆಯರು ಯಂತ್ರ ನೋಡಿಕೊಳ್ಳುತ್ತಿದ್ದ ಹುಡುಗಿಯನ್ನು ಕರೆದರು. "ನಿಮ್ಮ ಮಿಶಿನ್ನು ಕೆಟ್ಟೋಗಿದೆ ಕಣಮ್ಮ. ಲೈಟೇ ಬರ್ತಿಲ್ಲ. ಒಳಗೆ ಕನೆಕ್ಷನ್ ಲೂಸ್ ಆಗಿರ್ಬೇಕು, ನಾನು ಬೇಕಾದ್ರೆ ನೋಡ್ತೀನಿ."

ಆ ಹುಡುಗಿ ಒಮ್ಮೆ ಪರದೆಯ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಬರ್ತಾ ಇದೆ ಅಂಕಲ್. ಬರ್ತಾನೇ ಇದೆ."



ಡಾಕ್ಟರು ಗ್ಲಾಕೋಮ ಎಂದರು. ಕಣ್ಣೊಳಗಿನ ಒತ್ತಡ ಹೆಚ್ಚಿ, ನೋವಿಲ್ಲದೆ, ಸದ್ದಿಲ್ಲದೆ ನರ ಒಣಗಿಸುವ ಕಾಯಿಲೆ. ಅಂಚಿನಿಂದ ತಿಂದುಕೊಂಡು ಬರುತ್ತದೆ, ನಡುವನ್ನು ಕೊನೆಗೆ ಮುಟ್ಟುತ್ತದೆ. ಎಡಗಣ್ಣಿನಲ್ಲಿ ನಡುವಿನ ಸ್ವಲ್ಪ ನೋಟವಷ್ಟೇ ಉಳಿದಿತ್ತು, ಬಲಗಣ್ಣಿನ ಅಂಚೂ ಸವೆದಿತ್ತು. ಹೋದದ್ದು ಮರಳುವುದಿಲ್ಲ, ಇರುವುದನ್ನು ಹನಿ ಹಾಕಿ ಉಳಿಸಿಕೊಳ್ಳಬೇಕು.

"ಗಾಡಿ ಓಡಿಸ್ತೀರಾ?" ಎಂದು ಕೇಳಿದರು.

"ಇಲ್ಲ ಮೇಡಂ. ಬರೀ ಸೈಕಲ್ಲು."

"ಊರೊಳಗೇನಾ?"

"ಇಲ್ಲ, ಘಟ್ಟದ ಮೇಲೆ."

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದರು.

ನಾನು ಪ್ರತಿವರ್ಷ ಹತ್ತನೇ ತರಗತಿಗೆ ಕಣ್ಣಿನ ಪಾಠ ಮಾಡುವವನು. ಬೋರ್ಡಿನ ಮೇಲೆ ಕಣ್ಣಿನ ಚಿತ್ರ ಬರೆದು, ನರಕ್ಕೆ ಹಳದಿ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿ ವಿವರಿಸುವವನು. ಒಂಬತ್ತು ವರ್ಷ ಜೊತೆಗಿದ್ದ ಮನುಷ್ಯನ ಕಣ್ಣು ಹೋಗುತ್ತಿದ್ದದ್ದು ನನಗೆ ತಿಳಿಯಲಿಲ್ಲ. ಹೋಟೆಲಿನ ಬೆಂಚಿಗೆ ಅವರು ಮಂಡಿ ತಗುಲಿಸಿಕೊಂಡಾಗ ನಕ್ಕಿದ್ದೆ. ಎಡ ತೋಳು ಯಾವಾಗಲೂ ಲಂಟಾನ ಮುಳ್ಳಿಗೆ ಗೀರಿರುತ್ತಿತ್ತು, ಅದಕ್ಕೂ ನಕ್ಕಿದ್ದೆ.

ತರೀಕೆರೆಯ ಮನೆಯಲ್ಲಿ ಅವರ ಹೆಂಡತಿಗೆ ವಿಷಯ ಹೇಳಿದೆವು. ಆಕೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು, ಅಳಲಿಲ್ಲ. ಗಂಡನ ಮುಂದಿದ್ದ ನೀರಿನ ಲೋಟವನ್ನೇ ದಿಟ್ಟಿಸಿದರು.

"ಅಣ್ಣಾ, ನಾನು ಯಾವಾಗಿಂದ ಇವ್ರಿಗೆ ಎಲ್ಲಾನೂ ಬಲಗಡೆನೇ ಇಡ್ತಿದೀನಿ?" ಎಂದು ನನ್ನನ್ನು ಕೇಳಿದರು. "ಎಡಗಡೆ ಇಟ್ರೆ ಚೆಲ್ತಾರೆ ಅಂತ ಬಲಗಡೆ ಇಡ್ತಿದ್ದೆ. ಯಾಕೆ ಚೆಲ್ತಾರೆ ಅಂತ ಒಂದಿನನೂ ಕೇಳ್ಳಿಲ್ವಲ್ಲ ನಾನು!"

ಗೆಳೆಯರು ಎದ್ದು ಒಳಗಿನಿಂದ ಒಂದು ಡೈರಿ ತಂದು ನನ್ನ ಕೈಗಿಟ್ಟರು. ನಾವು ತುಳಿದ ದಾರಿಗಳನ್ನೆಲ್ಲ ಅವರು ಅದರಲ್ಲಿ ಬರೆದಿಡುತ್ತಿದ್ದರು. ಎಲ್ಲಿ ನೀರು ಸಿಗುತ್ತದೆ, ಎಲ್ಲಿ ಏರು ಕಡಿದು, ಎಲ್ಲಿ ನಾಯಿ ಕಾಟ. "ಇನ್ನು ನನಗ್ಯಾಕೆ, ನೀವಿಟ್ಕಳಿ" ಅಂದರು. ಸೈಕಲ್ಲನ್ನು ಹಿತ್ತಿಲ ಕಡೆ ತಳ್ಳಿಕೊಂಡು ಹೋದರು. ಹೋಗಿ ಬರುತ್ತೇನೆ ಎಂದು ನಾನು ಹೇಳಿದರೂ ತಿರುಗಲಿಲ್ಲ.

ಕಡೂರಿಗೆ ಬಂದು ಡೈರಿ ಬಿಡಿಸಿದೆ. ದಾರಿಯೊಂದಕ್ಕೆ ಎರಡೆರಡು ಪುಟ, ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು. ಕಲ್ಲತ್ತಿಗೆ ಹೋಗುವ ಪುಟದಲ್ಲಿ ಒಂದು ಕೈಪಂಪು, ಒಂದು ಅರಳಿಕಟ್ಟೆ, ಒಂದು ಹಳೇ ಗೇಟು. ಬರುವ ಪುಟದಲ್ಲಿ ಅವು ಯಾವುವೂ ಇಲ್ಲ. ಬೇರೆಯೇ ಒಂದು ಅಂಗಡಿ, ಬೇರೆ ಬಾವಿ. ಅದೇ ರಸ್ತೆ. ನನಗೆ ಮೊದಲು ಗೊಂದಲವಾಯಿತು. ಆಮೇಲೆ ಒಂದೊಂದನ್ನೂ ಮನಸ್ಸಿನಲ್ಲೇ ದಾರಿಯ ಮೇಲೆ ಇಟ್ಟು ನೋಡಿದೆ. ಹೋಗುವಾಗ ಬರೆದದ್ದೆಲ್ಲ ಬಲಗಡೆ ಇದ್ದದ್ದು. ಬರುವಾಗ ಬರೆದದ್ದೂ ಬಲಗಡೆ ಇದ್ದದ್ದು. ಹಳೆಯ ಪುಟಗಳಿಗೆ ತಿರುಗಿದೆ. ಮೊದಮೊದಲಿನ ದಾರಿಗಳಲ್ಲಿ ಎರಡೂ ಕಡೆಯವು ಇದ್ದವು. ವರ್ಷ ಕಳೆದಂತೆ ಎಡಗಡೆಯ ಮರ, ಮೈಲಿಗಲ್ಲು, ಗುಡಿ ಒಂದೊಂದಾಗಿ ಇಲ್ಲವಾಗಿದ್ದವು. ಅವರೇ ಬರೆದಿದ್ದರು, ಅವರಿಗೇ ಗೊತ್ತಿರಲಿಲ್ಲ.

ಎರಡು ತಿಂಗಳು ಅವರು ನನ್ನ ಫೋನ್ ಎತ್ತಲಿಲ್ಲ. ನಾನೇ ಅಂಗಡಿಗೆ ಹೋದರೆ ಮಸೂರ ಕಣ್ಣಿಗಿಟ್ಟುಕೊಂಡು, "ಅರ್ಜೆಂಟ್ ಕೆಲಸ ಐತೆ ಮೇಷ್ಟ್ರೇ" ಅನ್ನುತ್ತಿದ್ದರು. ಕಾಟಿ ಮಾಡದ ಗಾಯವನ್ನು ನಾನು ಮಾಡಿದೆ ಎಂದು ಅವರಿಗೆ ಅನ್ನಿಸಿತ್ತೇನೋ. ಈ ನಡುವೆ ನಾನೂ ಕಣ್ಣು ತೋರಿಸಿಕೊಂಡೆ. ನನ್ನದು ಸರಿಯಿತ್ತು. ಆಸ್ಪತ್ರೆಯಿಂದ ಹೊರಗೆ ಬಂದಾಗ ಮನಸ್ಸಿನಲ್ಲಿ ಎದ್ದ ನಿರಾಳಕ್ಕೆ ನನಗೇ ನಾಚಿಕೆಯಾಯಿತು.

ಆಮೇಲೆ ಒಂದು ದಿನ ಅವರೇ ಫೋನ್ ಮಾಡಿದರು. "ಒಡಹುಟ್ಟಿದೋರ್ಗೂ ಬರ್ತದೆ ಅಂದಿದ್ರಲ್ಲ ಡಾಕ್ಟ್ರು. ಅಕ್ಕ ಅಜ್ಜಂಪುರದಲ್ಲಿದಾಳೆ. ನಾನು ಹೇಳಿದ್ರೆ ಕೇಳಲ್ಲ. ನೀವು ಮೇಷ್ಟ್ರು, ನಿಮ್ಮ ಮಾತು ಕೇಳ್ತಾಳೆ. ಬತ್ತೀರಾ?"

ಬಸ್ಸಿನಲ್ಲಿ ಹೋದೆವು. ಅಕ್ಕನಿಗೆ ಅರವತ್ತು ದಾಟಿತ್ತು, ಗಟ್ಟಿ ಹೆಂಗಸು. ನಾನು ಕಾಗದದ ಮೇಲೆ ಕಣ್ಣಿನ ಚಿತ್ರ ಬರೆದು, ಅಂಚಿನಿಂದ ಹೇಗೆ ಕತ್ತಲಾಗುತ್ತದೆ ಎಂದು ವಿವರಿಸಿದೆ. ಆಕೆ ಕೇಳುತ್ತಾ ಕೇಳುತ್ತಾ ಕೈಯಲ್ಲಿದ್ದ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದರು.

"ಅಂದ್ರೆ ಪಕ್ಕದಲ್ಲಿ ನಿಂತೋರು ಕಾಣಲ್ವಾ?"

"ಕಾಣಲ್ಲಮ್ಮ."

ಆಕೆ ತಮ್ಮನ ಕಡೆ ತಿರುಗಿದರು. "ಲೇ, ನಮ್ಮಪ್ಪಂಗೆ ಊರೆಲ್ಲ ಸೊಕ್ಕು ಅಂತಿದ್ರಲ್ಲೋ. ದಾರೀಲಿ ಸಲಾಂ ಹೇಳಿದ್ರೂ ತಿರುಗಿ ನೋಡಲ್ಲ ಅಂತ. ಬಾಗಿಲಿಗೆ ಭುಜ ಹೊಡ್ಕೊಂಡು ಹೊಡ್ಕೊಂಡು ಕಪ್ಪಾಗಿತ್ತಲ್ಲೋ."

ಗೆಳೆಯರ ಕೈ ಚಾಪೆಯ ಅಂಚನ್ನು ಹಿಡಿದುಕೊಂಡಿತು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ನನ್ನ ಮದ್ವೇಲಿ ಹೆಣ್ಣಿನ ಕಡೆಯೋರು ಮುಸಾಫಾಕ್ಕೆ ಕೈ ಚಾಚಿದ್ರು, ಅಪ್ಪ ಕೈ ಕೊಡ್ಲೇ ಇಲ್ಲ. ಅವತ್ತು ಎಲ್ರೆದುರಿಗೂ ಬೈದ್ಬಿಟ್ಟೆ ಮೇಷ್ಟ್ರೇ. ಆಮೇಲೆ ನನ್ನ ಜೊತೆ ಸರಿಯಾಗಿ ಮಾತೇ ಆಡ್ಲಿಲ್ಲ ಅವ್ರು. ಹಂಗೇ ಹೋಗ್ಬಿಟ್ರು."

ಅಕ್ಕ ಎದ್ದು ಬಂದು ಅವರ ತಲೆಯ ಮೇಲೆ ಕೈ ಇಟ್ಟು ನಿಂತರು. ಆಗ ಅವರು ಮಗುವಿನ ಹಾಗೆ ಬಿಕ್ಕಿದರು. ನಾನು ಎಲ್ಲಿ ನೋಡಬೇಕೋ ತಿಳಿಯದೆ ಕಾಗದದ ಮೇಲಿನ ನನ್ನ ಚಿತ್ರವನ್ನೇ ನೋಡುತ್ತಾ ಕೂತೆ.

ಶಿವಮೊಗ್ಗಕ್ಕೆ ಕರೆದೊಯ್ದು ತೋರಿಸಿದಾಗ ಅಕ್ಕನ ಕಣ್ಣಿನಲ್ಲೂ ಒತ್ತಡ ಏರಿತ್ತು, ಆದರೆ ನರ ಇನ್ನೂ ಕೆಟ್ಟಿರಲಿಲ್ಲ. ಹನಿ ಹಾಕಿಕೊಂಡರೆ ಸಾಕು ಎಂದರು ಡಾಕ್ಟರು. ತಮ್ಮನಿಗೆ ದಿನವೂ ಬೆಳಿಗ್ಗೆ ಆಕೆಯೇ ಫೋನ್ ಮಾಡುತ್ತಾರೆ, ಹನಿ ಹಾಕ್ಕೊಂಡ್ಯೇನೋ ಎಂದು. ಗೆಳೆಯರು ಈಗ ಅಂಗಡಿಗೆ ನಡೆದುಕೊಂಡು ಹೋಗುತ್ತಾರೆ, ಹೆಜ್ಜೆಗೊಮ್ಮೆ ಕತ್ತನ್ನು ಪೂರ್ತಿ ತಿರುಗಿಸಿ ನೋಡುತ್ತಾ. ದಾರಿಯಲ್ಲಿ ಯಾರಾದರೂ ಕಂಡರೆ ಅವರಿಗಿಂತ ಮೊದಲು ತಾವೇ ಸಲಾಂ ಹೇಳುತ್ತಾರೆ.