ಜಪಾನಿನ ಅಂಗಡಿಗೆ ಕಳಿಸಿದ ‘ಚೆನ್ನಾಗಿಲ್ಲ’

ನನ್ನ ಕೋಡುಬಳೆಯನ್ನು ಇದುವರೆಗೆ ಯಾರೂ ಬೇಡ ಅಂದಿರಲಿಲ್ಲ. (ಗಂಡ ಒಮ್ಮೆ ಅಂದಿದ್ದರು. ಹಲ್ಲು ಕೀಳಿಸಿಕೊಂಡು ಬಂದ ದಿನ.) ಎರಡು ತಿಂಗಳ ಹಿಂದೆ, ಒಂದು ಮಂಗಳವಾರ, ಆಫೀಸಿನ ಊಟದ ಕೋಣೆಯಲ್ಲಿ ಮಿಚಿಕೊ ನನ್ನ ಡಬ್ಬವನ್ನು ಎರಡೂ ಕೈಯಿಂದ ಮೆಲ್ಲಗೆ ನನ್ನ ಕಡೆಗೇ ತಳ್ಳಿದಳು.

ಸಿಟ್ಟಿನಿಂದ ತಳ್ಳಿದ್ದರೆ ನಾನೂ ಸಿಟ್ಟು ಮಾಡಿಕೊಂಡು ಸುಮ್ಮನಾಗುತ್ತಿದ್ದೆ. ಅವಳ ಕಣ್ಣು ಕೆಂಪಾಗಿತ್ತು.

ಮಿಚಿಕೊ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಐರ್ಲೆಂಡಿನ ಡಬ್ಲಿನ್ನಿನಲ್ಲಿ, ಲೆಪರ್ಡ್ಸ್‌ಟೌನ್ ರೇಸ್‌ಕೋರ್ಸಿನ ಹತ್ತಿರ ನಮ್ಮ ಆಫೀಸು. ಅಮೆರಿಕದಲ್ಲಿ ಹುಟ್ಟಿದ ಸಾಫ್ಟ್‌ವೇರ್‌ಗಳಿಗೆ ಇಲ್ಲಿ ನಾವು ಲೋಕದ ಬೇರೆ ಬೇರೆ ಭಾಷೆ ಕಲಿಸುತ್ತೇವೆ. ನಾನು ತಪ್ಪು ಹುಡುಕುವ ಟೆಸ್ಟರ್. ಪಕ್ಕದ ಮೇಜಿನ ಮಿಚಿಕೊ ಜಪಾನಿ ಸ್ಕ್ರೀನುಗಳನ್ನು ತಿದ್ದುವವಳು, ವಯಸ್ಸು ಐವತ್ತರ ಹತ್ತಿರ. ಇಬ್ಬರದೂ ವರ್ಕ್ ಪರ್ಮಿಟ್. ಇಬ್ಬರಿಗೂ ಚಳಿ ಆಗದು, ಇಬ್ಬರಿಗೂ ಮಧ್ಯಾಹ್ನ ಅನ್ನವೇ ಆಗಬೇಕು. ಸ್ನೇಹಕ್ಕೆ ಇನ್ನೇನು ಬೇಕು?

ಅವಳ ಅಣ್ಣನದು ಜಪಾನಿನ ಒಂದು ಸಣ್ಣ ಬಂದರು ಊರಿನಲ್ಲಿ ಸಿ.ಡಿ. ಅಂಗಡಿ. ಅಲ್ಲಿನ ಅಂಗಡಿಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಹೊಸ ಹಾಡು ಬಂದರೆ ಅಂಗಡಿಯವರೇ ಕೂತು ಕೇಳುತ್ತಾರೆ. ಇಷ್ಟವಾದರೆ ಅಂಗೈಯಗಲದ ಕಾರ್ಡಿನಲ್ಲಿ ತಮ್ಮ ಕೈಬರಹದಲ್ಲೇ ಶಿಫಾರಸು ಬರೆದು ಸಿ.ಡಿ. ಪಕ್ಕ ಸಿಕ್ಕಿಸುತ್ತಾರೆ. ಅಣ್ಣ ಪ್ರತಿ ತಿಂಗಳು ನಾಲ್ಕು ಹೊಸ ಸಿ.ಡಿ., ನಾಲ್ಕು ಕಾರ್ಡು ತಂಗಿಗೆ ಪೋಸ್ಟ್ ಮಾಡುತ್ತಾರೆ. ತಂಗಿ ಆ ಕಾರ್ಡುಗಳನ್ನು ಇಂಗ್ಲಿಷಿಗೆ ಮಾಡಿ ಊಟದ ಕೋಣೆಯ ಬೋರ್ಡಿಗೆ ಚುಚ್ಚುತ್ತಾಳೆ. ಮೇಲೆ ಹೆಡ್ಡಿಂಗು: ಈ ತಿಂಗಳ ಹೊಸ ಜಪಾನಿ ಪಾಪ್, ಕೇಳಲೇಬೇಕಾದದ್ದು.

ಆ ಕಾರ್ಡುಗಳನ್ನು ನೀವು ಓದಬೇಕಿತ್ತು. ‘ಬಸ್ಸು ತಪ್ಪಿದರೂ ಬೇಜಾರಾಗದವರಿಗೆ ಈ ಹಾಡು.’ ಇನ್ನೊಂದು: ‘ಈ ಹುಡುಗಿಗೆ ಮೇಲಿನ ಸ್ವರ ಎಟುಕುವುದಿಲ್ಲ. ಎಟುಕದ ಜಾಗದಲ್ಲೇ ಹಾಡು ಚೆನ್ನಾಗಿದೆ.’ ಸಾಮಾನು ಮಾರುವವರು ಇಷ್ಟು ಪ್ರಾಮಾಣಿಕವಾಗಿ ಬರೆದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಡಬ್ಲಿನ್ನಿನಲ್ಲಿ ಮನೆ ಮಾರುವ ಏಜೆಂಟರಿಗೆ ಒಂದು ಪ್ರತಿ ಕಳಿಸಬೇಕು ಅನ್ನಿಸಿತ್ತು.

ಮೊದಲ ತಿಂಗಳು ನಾಲ್ಕೂ ಸಿ.ಡಿ. ಬಟ್ಟೆಚೀಲದಲ್ಲಿ ಮನೆಗೆ ತಂದೆ. ನಿಜವಾಗಿ ಕೇಳಿದೆ, ನಿಜವಾಗಿ ಇಷ್ಟಪಟ್ಟೆ. ವಾಪಸ್ ಕೊಡುವಾಗ ಚೀಲ ಖಾಲಿ ಕೊಡುವುದು ಹೇಗೆ? ನಮ್ಮಲ್ಲಿ ಪಕ್ಕದ ಮನೆಯ ಡಬ್ಬ ವಾಪಸ್ ಹೋಗುವಾಗ ಒಳಗೆ ಒಂದು ಹಿಡಿ ಸಕ್ಕರೆಯಾದರೂ ಇರಬೇಕಲ್ಲ? ಸಿ.ಡಿ. ಜೊತೆ ಕೋಡುಬಳೆ ಇಟ್ಟೆ.

ಜಪಾನಿನವರ ಲೆಕ್ಕವೂ ಅದೇ ಅಂತ ನನಗೇನು ಗೊತ್ತಿತ್ತು? ಏನಾದರೂ ಬಂದರೆ ತಿರುಗಿ ಕೊಡಲೇಬೇಕು. ಕೋಡುಬಳೆಗೆ ಹಸಿರು ಚಹಾ ಬಂತು, ಜೊತೆಗೆ ಮುಂದಿನ ತಿಂಗಳ ಸಿ.ಡಿ.ಗಳು. ಅದಕ್ಕೆ ಮತ್ತೆ ಕೋಡುಬಳೆ. ಅದಕ್ಕೆ ಕೆಂಪು ಅವರೆಯ ಸಿಹಿ, ಮತ್ತೆ ಸಿ.ಡಿ. ಎರಡು ದೇಶದ ಮರ್ಯಾದೆಗಳು ಒಂದನ್ನೊಂದು ಬಿಡದೆ ಹಿಡಿದುಕೊಂಡಿದ್ದವು. ಯಾರು ಮೊದಲು ನಿಲ್ಲಿಸುವುದು?

ಈ ಗಡಿಬಿಡಿಯಲ್ಲಿ ನಿಂತುಹೋದದ್ದು ಒಂದೇ, ಹಾಡು ಕೇಳುವುದು.

ಸ್ಯಾಂಟ್ರಿಯಿಂದ ಎರಡು ಬಸ್ಸು ಬದಲಿಸಿ ಊರಿನ ಆ ತುದಿಯಿಂದ ಈ ತುದಿಗೆ ಬರುವವಳು ನಾನು. ಮನೆಗೆ ಹೋಗಿ ಅಡುಗೆ, ಮಗಳ ಹೋಮ್‌ವರ್ಕ್. ಚೀಲ ಫ್ರಿಜ್ಜಿನ ಮೇಲೆ ಹಾಗೇ ಕೂತಿರುತ್ತಿತ್ತು. ತಿಂಗಳ ಕೊನೆಗೆ ಕೋಡುಬಳೆ ಹಾಕಿ ಹಿಂದಿರುಗಿಸಿ, ‘ಎಲ್ಲಾ ತುಂಬಾ ಚೆನ್ನಾಗಿತ್ತು’ ಅನ್ನುತ್ತಿದ್ದೆ. ಎದುರು ಮೇಜಿನ ಡೆಕ್ಲನ್ ಅನ್ನುವ ಕಾರ್ಕ್ ಊರಿನ ಹುಡುಗನೂ ಒಂದೊಂದು ಸಿ.ಡಿ. ಒಯ್ಯುತ್ತಿದ್ದ. ಅವನದು ಯಾವಾಗಲೂ ‘ಗ್ರ್ಯಾಂಡ್’. (ಈ ದೇಶದಲ್ಲಿ ಕಾಲು ಮುರಿದರೂ ಗ್ರ್ಯಾಂಡ್, ಮದುವೆಯಾದರೂ ಗ್ರ್ಯಾಂಡ್.) ಮನಸ್ಸು ಚುಚ್ಚಿದಾಗ ಗಂಡನ ಹತ್ತಿರ ಹೇಳಿಕೊಂಡೆ. ಅವರು ಡಾಕ್ಟರು, ಸಮಾಧಾನ ಹೇಳುವುದೇ ಅವರ ಕೆಲಸ.

“ಬಿಡೇ, ಚೆನ್ನಾಗಿದೆ ಅಂದ್ರೆ ಯಾರಿಗೇನು ನಷ್ಟ?” ಅಂದರು.

ನಷ್ಟ ಏನು ಅಂತ ಆ ಮಂಗಳವಾರ ಗೊತ್ತಾಯಿತು.

ಅಣ್ಣನ ಊರಿನ ಸ್ಟೇಷನ್ನಿನ ಎದುರು ದೊಡ್ಡ ಅಂಗಡಿಯೊಂದು ಬಂದಿದೆಯಂತೆ. ಹುಡುಗರೆಲ್ಲ ಅಲ್ಲಿಗೇ ಹೋಗುತ್ತಾರೆ. ಅಣ್ಣನ ಕಾರ್ಡುಗಳನ್ನು ನಿಂತು ಓದುವವರು ಕಡಿಮೆಯಾಗಿದ್ದಾರೆ. ಆದರೂ ಅವರು ಬರೆಯುತ್ತಿದ್ದುದು ಡಬ್ಲಿನ್ನಿನಲ್ಲಿ ಕೆಲವರು ಕೇಳುತ್ತಾರೆ ಅನ್ನುವ ಹುರುಪಿನಲ್ಲಿ. ಪ್ರತಿ ತಿಂಗಳು ತಂಗಿಯನ್ನು ಕೇಳುತ್ತಿದ್ದರು, ಆ ಇಂಡಿಯಾದ ಹೆಂಗಸು ಏನಂದಳು? ತಂಗಿ ನಾನು ಹೇಳಿದ್ದನ್ನೇ ನಿಯತ್ತಾಗಿ ಬರೆಯುತ್ತಿದ್ದಳು. ಎಲ್ಲಾ ಚೆನ್ನಾಗಿತ್ತು. ಎಂಟು ತಿಂಗಳು, ಮೂವತ್ತೆರಡು ಸಿ.ಡಿ., ಎಲ್ಲಾ ಚೆನ್ನಾಗಿತ್ತು.

ಕೊನೆಗೆ ಅಣ್ಣ ಬರೆದರಂತೆ: ಅವರೆಲ್ಲ ನಿನ್ನ ಮೇಲಿನ ಮರ್ಯಾದೆಗೆ ಹೇಳುತ್ತಿದ್ದಾರೆ, ಯಾರೂ ಕೇಳುತ್ತಿಲ್ಲ. ಈ ತಿಂಗಳದ್ದೇ ಕೊನೆಯ ಪಾರ್ಸೆಲ್. ಅಂಗಡಿಯನ್ನೂ ಮುಚ್ಚಿಬಿಡೋಣ ಅಂದುಕೊಂಡಿದ್ದೇನೆ.

ಇಪ್ಪತ್ತು ವರ್ಷದಿಂದ ಅಣ್ಣ ಮಾಡಿಕೊಂಡು ಬಂದದ್ದು ಅದೊಂದೇ ಕೆಲಸ, ಅದಿಲ್ಲದಿದ್ದರೆ ಅವನು ಏನು ಮಾಡುತ್ತಾನೋ ಅಂತ ಮಿಚಿಕೊಗೆ ಭಯ. ಅವಳು ಇಂಗ್ಲಿಷಿನಲ್ಲಿ ನಿಧಾನವಾಗಿ ಪದ ಹುಡುಕಿ ಹುಡುಕಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ.

“ಎಂಟು ಸಲ ನಂಗೆ ತಿಂಡಿ ತಂದ್ಕೊಟ್ಟೆ. ಒಂದು ಸಲನಾದ್ರೂ ‘ಇದು ಇಷ್ಟ ಆಗ್ಲಿಲ್ಲ’ ಅಂದಿದ್ರೆ ಸಾಕಾಗಿತ್ತು.”

ನನಗೆ ನಾಚಿಕೆಯಾಯಿತು. ಸುತ್ತಿ ಬಳಸಿ ಹೇಳುವುದೇನಿದೆ, ತುಂಬಾ ನಾಚಿಕೆಯಾಯಿತು. ಕೇಳಿಲ್ಲ ಅಂತ ಅಲ್ಲೇ ಒಪ್ಪಿಕೊಂಡೆ. ಆ ಕೊನೆಯ ಚೀಲವನ್ನು ಸೋಮವಾರದವರೆಗೆ ಇಟ್ಟುಕೊಳ್ಳಲಾ ಅಂತ ಕೇಳಿದೆ. ಅವಳು ಆಗಲಿ ಅಂತ ತಲೆಯಾಡಿಸಿದಳು.

ಶನಿವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಸಿ.ಡಿ. ಪ್ಲೇಯರ್ ಇಟ್ಟು ಕೂತೆ. ಹನ್ನೆರಡರ ಮಗಳು ಮೇಘ ಕಾರ್ನ್‌ಫ್ಲೇಕ್ಸ್ ಬಟ್ಟಲು ಹಿಡಿದು ಎದುರಿಗೆ ಕೂತಳು. ಮೂರನೆಯ ಸಿ.ಡಿ. ಅರ್ಧ ನಿಮಿಷ ಓಡಿರಲಿಲ್ಲ, ಅವಳು ಚಮಚ ಕೆಳಗಿಟ್ಟಳು.

“ಅಮ್ಮಾ, ದಿಸ್ ಈಸ್ ಬ್ರೂಟಲ್.” (ಇಲ್ಲಿಯ ಮಕ್ಕಳ ಬಾಯಲ್ಲಿ ಬ್ರೂಟಲ್ ಅಂದರೆ ಸಹಿಸಲಾಗದಷ್ಟು ಕೆಟ್ಟದು.)

ಕನ್ನಡದಲ್ಲಿ ಕೇಳಿದರೆ ಡಬ್ಲಿನ್ ರಾಗದ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗಳ ಮೇಲೆ ನನ್ನ ತಕರಾರುಗಳ ದೊಡ್ಡ ಪಟ್ಟಿಯೇ ಇದೆ. ಅವತ್ತು ಮಾತ್ರ ಹೊಟ್ಟೆಕಿಚ್ಚಾಯಿತು. ಎಂಟು ತಿಂಗಳಲ್ಲಿ ನನ್ನ ಬಾಯಿಗೆ ಬಾರದ್ದು ಅವಳಿಗೆ ಅರ್ಧ ನಿಮಿಷದಲ್ಲಿ ಬಂತಲ್ಲ?

ಪೋಸ್ಟ್‌ಕಾರ್ಡ್ ಅಳತೆಗೆ ರಟ್ಟು ಕತ್ತರಿಸಿ ನಾನೂ ಬರೆದೆ. ನಿಮಗೂ ಹೇಳಿಬಿಡುತ್ತೇನೆ, ಎಲ್ಲಾದರೂ ಸಿಕ್ಕರೆ ಕೇಳಬಹುದು. ಮೂವರು ಹುಡುಗಿಯರ ಬ್ಯಾಂಡು: ಮೇಘ ನಾಲ್ಕು ಸಲ ಹಾಕಿದಳು, ಮಾತು ತಿಳಿಯದಿದ್ದರೂ ಎದ್ದು ಕುಣಿಯುವಂತಿದೆ. ಪಿಯಾನೋ ಬಾರಿಸುತ್ತಾ ಹಾಡುವವನು: ದನಿ ಚೆನ್ನಾಗಿದೆ, ಆದರೆ ಹಾಡು ಮುಗಿಯಿತು ಅನ್ನಿಸಿದ ಮೇಲೂ ಎರಡು ಸಲ ಮುಗಿಯುತ್ತದೆ. ಬಹಳ ವರ್ಷದ ಮೇಲೆ ಮತ್ತೆ ಹಾಡಿರುವ ವಯಸ್ಸಾದ ಗಾಯಕಿ: ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದವಳು ನಿಲ್ಲಿಸಿ ಕೇಳಿದೆ.

ಇನ್ನು ಮೇಘ ಚಮಚ ಕೆಳಗಿಟ್ಟ ಆ ಮೂರನೆಯ ಸಿ.ಡಿ. ಐದು ಹುಡುಗರ ಡ್ರಮ್ಮಿನ ಗಲಾಟೆ. ಪೆನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ‘ಸ್ವಲ್ಪ ಭಿನ್ನವಾಗಿದೆ’ ಅಂತ ಬರೆದು ಹರಿದು ಹಾಕಿದೆ. ಕೊನೆಗೆ ಬರೆದೆ: ‘ಹಾಡುವವನು ಪಕ್ಕದ ಕೋಣೆಯಲ್ಲಿ ಸಿಕ್ಕಿಕೊಂಡು ಕೂಗುತ್ತಿರುವ ಹಾಗಿದೆ. ಚೆನ್ನಾಗಿಲ್ಲ.’

ಸೋಮವಾರ ಚೀಲದಲ್ಲಿ ಕೋಡುಬಳೆ ಇರಲಿಲ್ಲ. (ಕೈ ಎಷ್ಟು ಚಡಪಡಿಸಿತು ಅಂತ ನನಗೊಬ್ಬಳಿಗೇ ಗೊತ್ತು.) ಮಿಚಿಕೊ ನಾಲ್ಕೂ ಕಾರ್ಡು ಓದಿ, ಕೊನೆಯದನ್ನು ಮತ್ತೊಮ್ಮೆ ಓದಿ, ಸಂಜೆಯೇ ಜಪಾನಿಗೆ ಕಳಿಸಿದಳು. ಆಮೇಲೆ ಇಬ್ಬರೂ ಕಾದೆವು. ಅವಳು ಪ್ರತಿದಿನ ಬೆಳಿಗ್ಗೆ ನನ್ನ ಕಡೆ ನೋಡಿ ಇಲ್ಲ ಅಂತ ತಲೆಯಾಡಿಸುತ್ತಿದ್ದಳು.

ಮೂರು ವಾರಕ್ಕೆ ಉತ್ತರ ಬಂತು. ಐದು ಪುಟ. ಹೊಗಳಿದ ಹಾಡುಗಳ ಬಗ್ಗೆ ಒಂದು ಅಕ್ಷರವಿಲ್ಲ. ಐದೂ ಪುಟ ಡ್ರಮ್ಮಿನ ಹುಡುಗರ ಪರವಾಗಿ ವಾದ. ಯಾವ ಸ್ಪೀಕರಿನಲ್ಲಿ ಕೇಳಿದಿರಿ? ಅಡುಗೆಮನೆಯಲ್ಲಾ? ಹೆಡ್‌ಫೋನ್ ಹಾಕಿ ಎರಡನೇ ಚರಣದಿಂದ ಕೇಳಿ, ಎಡಗಿವಿಯ ಕಡೆ ಗಮನ ಇರಲಿ. ಮಿಚಿಕೊ ಓದುತ್ತಾ ಓದುತ್ತಾ ನಗಲು ಶುರು ಮಾಡಿದಳು, ಆಮೇಲೆ ಅತ್ತಳು. ಅಣ್ಣ ಇಷ್ಟುದ್ದದ ಕಾಗದ ಬರೆದು ಎಷ್ಟೋ ವರ್ಷವಾಗಿತ್ತಂತೆ.

ಅವರು ಹೇಳಿದ ಹಾಗೇ ಕೇಳಿದೆ. ಆಗಲೂ ಇಷ್ಟವಾಗಲಿಲ್ಲ. ಅದನ್ನೂ ಬರೆದೆ.

ಅಂಗಡಿಯನ್ನು ಇನ್ನೊಂದು ವರ್ಷ ಇಟ್ಟುಕೊಳ್ಳುತ್ತಾರಂತೆ. ನಿನ್ನಿಂದಲೇ ಅಂತ ಮಿಚಿಕೊ ಹೇಳುತ್ತಾಳೆ, ನಾನು ಅಷ್ಟು ದೊಡ್ಡ ಮಾತು ಆಡುವುದಿಲ್ಲ. ನಾನು ಮಾಡಿದ ಕೆಲಸ ಎಷ್ಟು ಸಣ್ಣದು ನೋಡಿ. ನಾವು ನೆಂಟರ ಅಡುಗೆಗೆ, ಗೆಳೆಯರ ಮಕ್ಕಳ ಡ್ಯಾನ್ಸಿಗೆ, ಅಳಿಯನ ಹೊಸ ಕಾರಿಗೆ ‘ಸೂಪರ್’ ಅಂದು ಬರುತ್ತೇವೆ. ಅವರ ಖುಷಿಗೆ ಅಂತ ಅಂದುಕೊಂಡಿರುತ್ತೇವೆ. ನಮಗೆ ನೋಡುವಷ್ಟು, ಕೇಳುವಷ್ಟು ಪುರುಸೊತ್ತಿಲ್ಲ ಅನ್ನುವುದು ಅದರ ಅರ್ಥ ಅಂತ ಎದುರಿನವರಿಗೆ ಗೊತ್ತಾಗುವುದಿಲ್ಲವೇ?

ಮೊನ್ನೆ ಗುರುವಾರ ಹೊಸ ಪಾರ್ಸೆಲ್ ಬಂತು. ಒಂದೇ ಸಿ.ಡಿ., ಒಂದೇ ಕಾರ್ಡು: ‘ಡ್ರಮ್ ಬೇಡ ಅನ್ನುವ ಡಬ್ಲಿನ್ನಿನ ಹೆಂಗಸಿಗೆ. ಇದರಲ್ಲೂ ಡ್ರಮ್ ಇದೆ.’ ಬಸ್ಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಇಳಿಯುವ ಸ್ಟಾಪು ದಾಟಿದ್ದೇ ತಿಳಿಯಲಿಲ್ಲ. ಮನೆಗೆ ಹೋಗಿ ಮತ್ತೆ ಕೇಳಿದೆ. ಈ ವರ್ಷ ನಾನು ಕೇಳಿದ್ದರಲ್ಲೆಲ್ಲ ಇದೇ ಒಳ್ಳೆಯ ಹಾಡು, ಸುಳ್ಳಲ್ಲ.

ರಟ್ಟು ಕತ್ತರಿಸಿ ಇಟ್ಟುಕೊಂಡು ನಾಲ್ಕು ದಿನವಾಯಿತು. ‘ಚೆನ್ನಾಗಿದೆ’ ಅಂತ ತಿಂಗಳುಗಟ್ಟಲೆ ಸುಳ್ಳು ಹೇಳಿದವಳು, ಅವರು ನಂಬುವ ಹಾಗೆ ಅದೇ ಮಾತನ್ನು ಈಗ ಹೇಗೆ ಬರೆಯಲಿ?