ಗಂಡಸರ ರಟ್ಟೆ ಹಿಡಿದ ಡಾ. ಸೂಗಪ್ಪನವರು

ರಾಯಚೂರು ಜಿಲ್ಲೆಯ ವೈದ್ಯಸೇವೆಯಲ್ಲಿ ಹೆಸರು ಮಾಡಿದವರು ಅನೇಕರು. ಆದರೆ ಹಾಸಿಗೆ ಹಿಡಿಯುವ ಮೊದಲೇ ಗಂಡಸರನ್ನು ಪರೀಕ್ಷೆಗೆ ಕೂಡಿಸಿದ ಧೀರರು ಯಾರೆಂದು ಕೇಳಿದರೆ ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ಎಲ್ಲರೂ ಹೇಳುವುದು ಡಾ. ಸೂಗಪ್ಪನವರ ಹೆಸರನ್ನೇ. ಈ ವರ್ಷ, 1998ರಲ್ಲಿ, ಸರಕಾರಿ ಸೇವೆಯಿಂದ ನಿವೃತ್ತರಾಗುತ್ತಿರುವ ಈ ಹಿರಿಯರ ಸಾಹಸವನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಲಿಂಗಸುಗೂರಿನಲ್ಲಿ ಸೇವೆ ಆರಂಭಿಸಿ ಮಸ್ಕಿಗೆ ವರ್ಗವಾಗಿ ಬಂದಾಗ ಅವರು ಮೊದಲು ಕಂಡದ್ದು ಓಡುವ ಗಂಡಸರನ್ನು! ದವಾಖಾನೆ ಎಂದರೆ ಬಾಣಂತಿಯರ, ಕೂಸುಗಳ ಜಾಗ. ನೆಟ್ಟಗೆ ನಿಂತ ಗಂಡಸಿಗೆ ಅಲ್ಲೇನು ಕೆಲಸ? ಮೇಲಾಗಿ ಇಲಾಖೆಯ ಜೀಪು ಬಂತೆಂದರೆ ಮಕ್ಕಳಾಗದ ಆಪರೇಷನ್ನಿಗೆ ಹಿಡಿದೊಯ್ಯುತ್ತಾರೆಂಬ ಹಳೆಯ ಹೆದರಿಕೆ ಬೇರೆ. ಮಸ್ಕಿ ಹತ್ತಿರದ ಸಂತೆಕಲ್ಲೂರಿಗೆ ರಕ್ತದೊತ್ತಡ ನೋಡಲು ಹೋದ ದಿನ ಜೀಪಿನ ಸದ್ದಿಗೇ ಗಟ್ಟಿಮುಟ್ಟಾದ ಗಂಡಸರೆಲ್ಲ ಜೋಳದ ಹೊಲ ಸೇರಿಬಿಟ್ಟರು. ಡಾಕ್ಟರಿಗೆ ನಗುವೂ ಬಂತು, ಸಂಕಟವೂ ಆಯಿತು.

ಅಷ್ಟರಲ್ಲಿ ಯಮನಮ್ಮ ಎಂಬ ಹೆಣ್ಣುಮಗಳು ಎದುರು ಬಂದು ನಿಂತರು. "ನಮ್ಮ ಮಾವ ಹೊಲದಾಗ ಬಿದ್ದು ಸತ್ರು, ಭಾವ ಕಣದಾಗ ಬಿದ್ದು ಸತ್ರು. ನನ್ನ ಗಂಡನ್ನರ ಒಮ್ಮೆ ನೋಡ್ರಿ ಸಾಹೇಬ್ರ."

ಆ ಗಂಡ ಗದ್ದೆಪ್ಪನೋ, ಪ್ರತಿ ಕಾರಹುಣ್ಣಿಮೆಗೆ ಬಲಪರೀಕ್ಷೆಯ ಸಂಗ್ರಾಣಿ ಕಲ್ಲನ್ನು ಹೆಗಲಿಗೇರಿಸುವ ಊರಿನ ಹುಲಿ. ಅವನನ್ನು ದವಾಖಾನೆಗೆ ಕರೆಯುವ ಎದೆ ಯಾರಿಗಿತ್ತು?

ಡಾಕ್ಟರು ಉಪಾಯ ಹೂಡಿದರು. ಮರುವರ್ಷದ ಕಾರಹುಣ್ಣಿಮೆಗೆ ಜೀಪು ಬಿಟ್ಟು, ಬಿ.ಪಿ. ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿಳಿದರು. ಹಿರಿಯರನ್ನು ಮೊದಲೇ ಒಪ್ಪಿಸಿದ್ದರು: ರಟ್ಟೆಗೆ ಪಟ್ಟಿ ಕಟ್ಟಿಸಿಕೊಳ್ಳದವರು ಕಲ್ಲು ಮುಟ್ಟುವಂತಿಲ್ಲ! ಓಡುತ್ತಿದ್ದ ಗಂಡಸರೇ ಈಗ ತೋಳೇರಿಸಿ ನಾ ಮುಂದು ತಾ ಮುಂದು ಎಂದು ನುಗ್ಗಿದರು.

ಗದ್ದೆಪ್ಪ ಠೀವಿಯಿಂದ ಕುಳಿತ. ಡಾಕ್ಟರು ಗಾಳಿ ಒತ್ತಿದರು, ಇಳಿಸಿದರು, ನಂಬಲಾಗದೆ ಮತ್ತೆ ಒತ್ತಿದರು. ಪಾದರಸ ಎಲ್ಲೋ ಮೇಲೆ ನಿಂತಿತ್ತು. ಹಬ್ಬದ ಹಲಗೆ ವಾದ್ಯ ಮೊಳಗುತ್ತಿತ್ತು, ಜನ ಗದ್ದೆಪ್ಪನ ಹೆಸರು ಕೂಗುತ್ತಿದ್ದರು. ಕಲ್ಲೆತ್ತಲು ಬಿಟ್ಟರೆ ಅವನ ಜೀವಕ್ಕೇ ಅಪಾಯ; ಎಲ್ಲರೆದುರು ತಡೆದರೆ ಅವನ ಮಾನ ಹೋಗುತ್ತದೆ, ಮತ್ತೆಂದೂ ಈ ಊರಿನ ಗಂಡಸು ರಟ್ಟೆ ಕೊಡಲಾರ. ಕೊನೆಗೆ ಡಾಕ್ಟರು ಅವನ ಕಿವಿಯ ಹತ್ತಿರ ಬಾಗಿದರು.

"ಗದ್ದೆಪ್ಪ, ನಿಮ್ಮಪ್ಪ, ನಿಮ್ಮಣ್ಣ ಬಿದ್ದದ್ದು ಇದರಿಂದನ ಇರಬೇಕು. ಇವತ್ತು ಕಲ್ಲು ಮುಟ್ಟಬ್ಯಾಡ. ಜನಕ್ಕ ಏನು ಹೇಳಬೇಕೋ ನೀನ ಹೇಳು, ನಾ ಹೂಂ ಅಂತೀನಿ."

ಗದ್ದೆಪ್ಪ ಗುಂಪಿನಾಚೆ ನಿಂತಿದ್ದ ಯಮನಮ್ಮನ ಮುಖ ನೋಡಿದ. ಆಮೇಲೆ ಎದ್ದು ನಿಂತು ಗುಡುಗಿದ.

"ಕಲ್ಲು ಎಲ್ಲಿ ಓಡಿಹೋಗ್ತೈತಲೇ! ನನಗ ಬಿ.ಪಿ. ಐತಿ. ನಮ್ಮಪ್ಪನ್ನ, ನಮ್ಮಣ್ಣನ್ನ ತಿಂದದ್ದು ಇದ. ಹಿಂದ ನಿಂತು ಏನು ನೋಡಾಕತ್ತೀರಿ? ಬರ್ರಿ, ಕಟ್ಟಿಸ್ಕೊಳ್ರಿ!"

ಹಲಗೆ ನಿಂತುಹೋಯಿತು. ಮರುಗಳಿಗೆಯಲ್ಲಿ, ಆಹಾ, ಕಲ್ಲಿನ ಗೊಡವೆಯೇ ಇಲ್ಲದ ಮುದುಕರೂ ಅಂಗಿ ತೋಳು ಏರಿಸಿ ಸಾಲಿಗೆ ಬಂದು ಕುಳಿತರು!

ಆ ಬಳಿಕ ಡಾಕ್ಟರು ಹಟ್ಟಿಯಲ್ಲಿ ಚಿನ್ನದ ಗಣಿಯ ಪಾಳಿ ಬಿಡುವ ಹೊತ್ತಿಗೆ, ಸಿಂಧನೂರಿಗೆ ಬಂದ ಮೇಲೆ ಪಕ್ಕದ ಜವಳಗೇರಾದಲ್ಲಿ ರೈತರ ಟ್ರ್ಯಾಕ್ಟರುಗಳ ನಡುವೆ ಪೆಟ್ಟಿಗೆ ಬಿಚ್ಚಿ ಕುಳಿತರು. ಆರಾಮ ಇದ್ದೇನೆಂದು ಗದ್ದೆಪ್ಪ ಗುಳಿಗೆ ಬಿಟ್ಟಾಗ ಬಸ್ಸು ಹತ್ತಿ ಅವನ ಮನೆಗೇ ಹೋಗಿ, ಯಮನಮ್ಮ ಬಡಿಸಿದ ರೊಟ್ಟಿ ಉಣ್ಣುತ್ತಲೇ ಅವನನ್ನು ತರಾಟೆಗೆ ತೆಗೆದುಕೊಂಡರು. ಅಂಥ ಅಕ್ಕರೆ ಅವರದು.

ಮೊನ್ನೆ ನಿವೃತ್ತಿಯ ಸುದ್ದಿ ಕೇಳಿ ಗದ್ದೆಪ್ಪ ಸಿಂಧನೂರಿಗೆ ಬಂದಿದ್ದ. ಡಾಕ್ಟರ ಕೈ ಹಿಡಿದು, ಇನ್ನೊಂದು ಕೈಯಿಂದ ಮೀಸೆ ತಿರುವಿದ.

"ನಮ್ಮ ಮನಿತನದಾಗ ಮೀಸಿ ಬೆಳ್ಳಗಾದ ಮೊದಲ್ನೇ ಗಂಡಸು ನಾನ ನೋಡ್ರಿ ಸಾಹೇಬ್ರ!"

ಸೂಗಪ್ಪನವರು ಅಲ್ಲೇ ಪೆಟ್ಟಿಗೆ ಬಿಚ್ಚಿ ಅವನ ರಟ್ಟೆಗೆ ಪಟ್ಟಿ ಸುತ್ತಿದರು. ಇಂಥ ಪುಣ್ಯವಂತರು ನೂರು ಕಾಲ ಬಾಳಲಿ, ಅವರ ಪೆಟ್ಟಿಗೆಗೆ ನಿವೃತ್ತಿ ಇಲ್ಲದಿರಲಿ. ಇನ್ನೂ ಎಷ್ಟೋ ಮನೆತನಗಳ ಮೀಸೆಗಳು ಅವರ ಕೈಯಲ್ಲಿ ಬೆಳ್ಳಗಾಗಲಿ.